ನಿನ್ನ ರಾಜ್ಯಕ್ಕೆ ನೆಂಟರು ಬಂದರೆ ಏನು ಕೊಡುತ್ತಾರೆ?

ರಾಯಚೂರು
ಮೇ ತಿಂಗಳ ಒಂದು ಮಧ್ಯಾಹ್ನ

ದೋಸ್ತ್,

ನೀನು ಕಳಿಸಿದ ಕಾದಂಬರಿಯ ಮೂರು ಅಧ್ಯಾಯ ಓದಿದೆ. ಈ ಬಿಸಿಲಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ, ಕೂಲರ್ ಮುಂದೆ ಕೂತು ಒಂದೇ ಸಲಕ್ಕೆ ಮುಗಿಸಿದೆ. ನಕಾಶೆ ಜೋರಾಗಿದೆ. ಏಳು ರಾಜ್ಯ, ಎರಡು ಚಂದ್ರ, ಎಲ್ಲಾ ಸರಿ. ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಜನರ ಮನೆಗೆ ನೆಂಟರು ಬಂದರೆ ಮೊದಲು ಏನು ಕೊಡುತ್ತಾರೆ? ಮೂರು ಅಧ್ಯಾಯದಲ್ಲಿ 14 ಜನ ಸತ್ತರು. ಒಬ್ಬರ ಮನೆಯಲ್ಲೂ ಒಲೆ ಹೊತ್ತಲಿಲ್ಲ.

'ಡ್ಯೂನ್' ನೆನಪಿದೆಯಲ್ವಾ? 1965ರ ಪುಸ್ತಕ. ಮಳೆಯೇ ಇಲ್ಲದ ಅರಾಕಿಸ್ ಗ್ರಹ, ಅಲ್ಲಿನ ಮರಳುಗಾಡಿನ ಜನ ಫ್ರೆಮೆನ್ನರು. ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಹಿಡಿದು ಮತ್ತೆ ಕುಡಿಯುವ ನೀರು ಮಾಡುವ ಉಡುಪು ಅವರದು. ನನಗೆ ಉಡುಪಿಗಿಂತ ಒಂದು ಸಣ್ಣ ಘಟನೆ ಜಾಸ್ತಿ ಹಿಡಿಸಿತು. ಅವರ ಮುಖಂಡ ಸ್ಟಿಲ್ಗರ್ ಹೊಸ ದೊರೆಯನ್ನು ನೋಡಲು ಬಂದವನು ಮೇಜಿನ ಮೇಲೆ ಉಗುಳುತ್ತಾನೆ. ದೊರೆಯ ಕಡೆಯವರಿಗೆ ರಕ್ತ ಕುದಿಯುತ್ತದೆ. ಫ್ರೆಮೆನ್ನರ ನಡೆ ಬಲ್ಲ ಒಬ್ಬ ಮಾತ್ರ ತಕ್ಷಣ ಅವನಿಗೆ ಥ್ಯಾಂಕ್ಸ್ ಹೇಳುತ್ತಾನೆ. ಮೈಯ ನೀರನ್ನೇ ಕೊಟ್ಟ ಮೇಲೆ ಅದಕ್ಕಿಂತ ದೊಡ್ಡ ಮರ್ಯಾದೆ ಏನಿದೆ? (ನಮ್ಮ ಕಡೆಯ ಗೋಡೆಗಳನ್ನು ನೋಡಿದರೆ ಫ್ರೆಮೆನ್ನರು ಕೈ ಮುಗಿಯುತ್ತಿದ್ದರೇನೋ.) ಸತ್ತವನಿಗಾಗಿ ಹುಡುಗನೊಬ್ಬ ಅತ್ತರೆ ಸುತ್ತಲಿನವರು ಬೆರಗಾಗಿ ನೋಡುತ್ತಾರೆ. ಸತ್ತವರಿಗೆ ನೀರು ಕೊಡುತ್ತಿದ್ದಾನಲ್ಲ ಅಂತ!

ಬರೆದವರು ಫ್ರಾಂಕ್ ಹರ್ಬರ್ಟ್. ಅಮೆರಿಕದ ಒರೆಗಾನ್ ಕರಾವಳಿಯಲ್ಲಿ ಹುಲ್ಲು ನೆಟ್ಟು ಮರಳ ದಿಬ್ಬ ತಡೆಯುವ ಸರ್ಕಾರಿ ಕೆಲಸದ ಬಗ್ಗೆ ಲೇಖನ ಬರೆಯಲು 1957ರಲ್ಲಿ ಹೋಗಿದ್ದರು. ಕಥೆ ಹುಟ್ಟಿದ್ದು ಆ ಮರಳಿನಿಂದ. ಮೊದಲು ನೆಲ, ಆಮೇಲೆ ಜನ. ನೀನು ಮೊದಲು ಕಿರೀಟ ಮಾಡಿಸಿ ಆಮೇಲೆ ತಲೆ ಹುಡುಕುತ್ತಿದ್ದೀಯ.

ಇಲ್ಲಿ ನೋಡು, ಆ ಕಡೆ ಕೃಷ್ಣಾ, ಈ ಕಡೆ ತುಂಗಭದ್ರಾ. ಆದರೂ ನಮ್ಮ ಓಣಿಗೆ ನಲ್ಲಿ ಬಿಡುವ ದಿನ ಹಬ್ಬ. ಕೊಡ, ಬ್ಯಾರಲ್, ಪಾತೆಲಿ ಎಲ್ಲಾ ತುಂಬಿಡುತ್ತೇವೆ. ಅಷ್ಟು ಬರ ಇದ್ದರೂ ಬಂದವರ ಕೈಗೆ ಮೊದಲು ಹೋಗುವುದು ಚರಿಗೆ ನೀರೇ. ಇಲ್ಲದಿರುವುದನ್ನೇ ಮೊದಲು ಕೊಡುವುದು. ಸ್ಟಿಲ್ಗರ್‌ನ ಉಗುಳೂ ನಮ್ಮವ್ವನ ಚರಿಗೆಯೂ ಒಂದೇ ಅಂತ ಅವ್ವನಿಗೆ ಹೇಳಲು ಹೋಗಿಲ್ಲ, ಹೊಡೆತ ಬೀಳುತ್ತದೆ.

'ಸ್ಟಾರ್ ಟ್ರೆಕ್' ಕಥೆಗಳ ಯೋಧರ ಕುಲ, ನಿನ್ನ ಪ್ರೀತಿಯ ಕ್ಲಿಂಗಾನರಿಗೆ ಮಾರ್ಕ್ ಓಕ್ರಾಂಡ್ ಎಂಬ ಭಾಷಾತಜ್ಞ ಪೂರಾ ಭಾಷೆಯನ್ನೇ ಕಟ್ಟಿಕೊಟ್ಟರು. 1985ರಲ್ಲಿ ನಿಘಂಟೂ ಬಂತು. ಆದರೂ ನನಗೆ ಬೇಗ ಬೇಸರ ಬರುತ್ತದೆ. ಇಡೀ ಗ್ರಹದ ತುಂಬ ವೀರರೇ ಇದ್ದರೆ ರೊಟ್ಟಿ ಬಡಿಯುವವರು ಯಾರು ಮಾರಾಯ?

ಹಾಬಿಟ್‌ಗಳು ವಾಸಿ. ಟೋಲ್ಕಿನ್ ಕಥೆಗಳ ಈ ಕುಳ್ಳ ಜನರಲ್ಲಿ ಹುಟ್ಟುಹಬ್ಬದ ದಿನ ಹುಟ್ಟಿದವನೇ ಬೇರೆಯವರಿಗೆ ಉಡುಗೊರೆ ಕೊಡಬೇಕು. ಇಂಗ್ಲಿಷಿನವರಿಗೆ ಇದು ವಿಚಿತ್ರ. ನಾವು ಶಾಲೆಯಲ್ಲಿ ಹೊಸ ಬಟ್ಟೆ ಹಾಕಿಕೊಂಡು ಕ್ಲಾಸಿಗೆಲ್ಲ ಚಾಕ್ಲೇಟ್ ಹಂಚಿದವರೇ ಅಲ್ವಾ? ಇನ್ನೊಂದು, ಕೆಲಸಕ್ಕೆ ಬಾರದ ಆದರೆ ಬಿಸಾಡಲು ಮನಸ್ಸು ಬಾರದ ವಸ್ತುವಿಗೆ ಅವರು 'ಮ್ಯಾಥಮ್' ಅನ್ನುತ್ತಾರೆ. ಅಂಥವು ಉಡುಗೊರೆಯಾಗಿ ಕೈಯಿಂದ ಕೈಗೆ ಸುತ್ತುತ್ತಲೇ ಇರುತ್ತವೆ. ಓದಿದ ಕೂಡಲೇ ಅವ್ವನ ಟ್ರಂಕು ನೆನಪಾಯಿತು. ಉಡಿ ತುಂಬಿದಾಗ ಬಂದ ಕುಪ್ಪಸದ ಖಣಗಳು! ಒಂದು ಹಸಿರು ಖಣ ನಾಲ್ಕು ಮನೆ ಸುತ್ತಿ ವಾಪಸ್ ಬಂದಿತ್ತು. ಅಂಚಿನಲ್ಲಿದ್ದ ಮಸಿ ಕಲೆಯಿಂದ ಅವ್ವ ಗುರುತು ಹಿಡಿದಳು. ಹಿಡಿದು, ಸುಮ್ನೆ ಐದನೇ ಮನೆಗೆ ಕಳಿಸಿದಳು.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಅರ್ಥ್‌ಸೀ. ಉರ್ಸುಲಾ ಲೆ ಗ್ವಿನ್ ಕಟ್ಟಿದ ದ್ವೀಪಗಳ ಲೋಕ, ಮೊದಲ ಕಾದಂಬರಿ 1968ರದ್ದು. ಅವರ ತಂದೆ ಮಾನವಶಾಸ್ತ್ರಜ್ಞ, ಅದು ಬರವಣಿಗೆಯಲ್ಲಿ ಗೊತ್ತಾಗುತ್ತದೆ. ಅಲ್ಲಿ ಎಲ್ಲರಿಗೂ ಎರಡು ಹೆಸರು. ಕರೆಯುವುದು ಒಂದು, ನಿಜದ್ದು ಇನ್ನೊಂದು. ನಿಜದ ಹೆಸರು ಗೊತ್ತಾದರೆ ಮುಗಿಯಿತು, ನಿನ್ನ ಜುಟ್ಟು ಅವರ ಕೈಯಲ್ಲಿ. ಹಾಗಾಗಿ ಮುಚ್ಚಿಡುತ್ತಾರೆ. ಗೆಡ್ ಎಂಬ ಹುಡುಗ ಅಹಂಕಾರದಿಂದ ದೊಡ್ಡ ಅನಾಹುತ ಮಾಡಿಕೊಂಡು ಕುಗ್ಗಿ ಕೂತಿರುವಾಗ, ಊರಿಗೆ ಹೊರಟ ಗೆಳೆಯ ವೆಚ್ ತನ್ನ ನಿಜದ ಹೆಸರನ್ನು ಹೇಳಿ ಹೋಗುತ್ತಾನೆ. ಸಮಾಧಾನದ ಮಾತಿಗಿಂತ ಅದು ದೊಡ್ಡದು.

ನಮ್ಮಜ್ಜಿ ಬಾಯಲ್ಲಿ ಅಜ್ಜನ ಹೆಸರು ಬಂದದ್ದು ನಾನು ಕೇಳಿದ್ದು ಒಂದೇ ಸಲ. ಚಿಕ್ಕಪ್ಪನ ಮದುವೆಯಲ್ಲಿ ಹೆಂಗಸರೆಲ್ಲ ಅಡ್ಡಗಟ್ಟಿದ್ದಕ್ಕೆ ಒಡಪು ಹಾಕಿ, ಪ್ರಾಸದ ನಡುವೆ ಬಚ್ಚಿಟ್ಟು ಹೇಳಿದ್ದಳು. ಹಾಲು ಹಾಕುವವನಿಗೂ ಅದೇ ಹೆಸರು. ಪಾಪ, ಅವನು ಜೀವನಪೂರ್ತಿ 'ಹಾಲಿನಾತ'ನಾಗಿಯೇ ಉಳಿದ. ಅರ್ಥ್‌ಸೀಯಲ್ಲಿ ಗಂಡಸರೂ ಹೆಸರು ಕಾಯುತ್ತಾರೆ, ಇಲ್ಲಿ ಕಾದದ್ದು ಅಜ್ಜಿ ಒಬ್ಬಳೇ. ಅಜ್ಜ ಅವಳನ್ನು ಹೆಸರು ಹಿಡಿದು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಇಂಥದ್ದೊಂದು ಓರೆ ನಿನ್ನ ರಾಜ್ಯದಲ್ಲೂ ಇರಲಿ. ಎಲ್ಲಾ ನೆಟ್ಟಗಿರುವ ಊರನ್ನು ಯಾರು ನಂಬುತ್ತಾರೆ?

ಅಜ್ಜಿಯ ಊರು ಗಂಗಾವತಿ ಕಡೆ. ಹಿರೇಬೆಣಕಲ್ಲಿನ ಮೋರೇರ ಗುಡ್ಡದ ಕಥೆ ಹೇಳುತ್ತಿದ್ದಳು. ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಪುಟ್ಟ ಪುಟ್ಟ ಕಲ್ಲಿನ ಮನೆಗಳು, ಕೆಲವಕ್ಕೆ ಗೋಡೆಯಲ್ಲಿ ದುಂಡನೆಯ ತೂತು. ಅವು ಎರಡು ಸಾವಿರ ವರ್ಷಕ್ಕೂ ಹಿಂದಿನ, ಸತ್ತವರಿಗಾಗಿ ಕಟ್ಟಿದ ಕಲ್ಲುಗಳು ಅನ್ನುತ್ತಾರೆ ಪುರಾತತ್ವದವರು. ಊರವರ ಪ್ರಕಾರ ಅಲ್ಲಿದ್ದವರು ಕುಳ್ಳ ಮೋರೇರು. ಕಲ್ಲು ನೋಡಿ ಜನರನ್ನೇ ಕಟ್ಟಿಬಿಟ್ಟಿದ್ದಾರೆ, ನಕಾಶೆ ಇಲ್ಲದೆ! ನಾನು ಸಣ್ಣವನಿದ್ದಾಗ ಕೇಳಿದ್ದೆ, ನಮ್ಮಷ್ಟು ಎತ್ತರದ ನೆಂಟರು ಬಂದರೆ ಒಳಗೆ ಹೇಗೆ ಕರೆಯುತ್ತಿದ್ದರು ಅಂತ. ಅಜ್ಜಿ ರೊಟ್ಟಿ ತಟ್ಟುತ್ತಲೇ, "ಒಳಗ ಯಾಕ? ಆ ತೂತಿನಾಗ ಕೈ ಹಾಕಿ ನೀರು ಕೊಡತಿದ್ರು" ಅಂದಳು.

ದೀಪಾವಳಿಗೆ ಬಾ, ಅಷ್ಟೊತ್ತಿಗೆ ಬಿಸಿಲು ಇಳಿದಿರುತ್ತದೆ. ಗುಡ್ಡ ಹತ್ತೋಣ. ನಾಲ್ಕನೇ ಅಧ್ಯಾಯ ತಾ. ಅದರಲ್ಲಿ ಯಾರನ್ನೂ ಸಾಯಿಸಬೇಡ.

ನಿನ್ನ ದೋಸ್ತ್