ಅರವತ್ತಾದವರಿಗೆ ಉಳಿದಿರುವುದು ಹತ್ತೇ ವರ್ಷವಲ್ಲ

ಮಾನ್ಯರೇ,

ಭಾರತೀಯರ ಸರಾಸರಿ ಆಯಸ್ಸು 70 ವರ್ಷ ಅಂತ ಓದಿದ ಕೂಡಲೇ ಅರವತ್ತಾದವರು 'ಇನ್ನು ಹತ್ತೇ ವರ್ಷ' ಅಂತ ಲೆಕ್ಕ ಹಾಕಿಬಿಡುತ್ತಾರೆ. ಆ ಲೆಕ್ಕ ತಪ್ಪು. 70 ಅನ್ನುವುದು ಈಗ ಹುಟ್ಟುವ ಮಗುವಿನ ಅಂದಾಜು, ಅದೂ ಇಂದಿನ ಸಾವಿನ ಪ್ರಮಾಣ ಹೀಗೇ ಇದ್ದರೆ. ಎಳೆಗೂಸುಗಳ ಸಾವೂ ಅದರಲ್ಲಿ ಸೇರಿರುವುದರಿಂದ ಸರಾಸರಿ ಕೆಳಗಿಳಿಯುತ್ತದೆ. 1947ರ ಸುಮಾರಿಗೆ ಅದು ಬರೀ 32 ಇತ್ತು, ಹಾಗಂತ ಆಗ ಊರಲ್ಲಿ ಮುದುಕರೇ ಇರಲಿಲ್ವಾ?

ಅರವತ್ತು ಮುಟ್ಟಿದವರ ಮುಂದೆ ಸರಾಸರಿ ಸುಮಾರು 18 ವರ್ಷ ಇದೆ, ಹೆಂಗಸರಿಗೆ ಇನ್ನೂ ಸ್ವಲ್ಪ ಜಾಸ್ತಿ. ನಿವೃತ್ತಿಯ ಹಣವನ್ನು ಹತ್ತೇ ವರ್ಷಕ್ಕೆ ಹಂಚಿಕೊಂಡರೆ ಆಮೇಲೆ ಬಿಪಿ ಮಾತ್ರೆಗೂ ಮಕ್ಕಳ ಮುಂದೆ ಕೈಚಾಚಬೇಕಾಗುತ್ತದೆ. ದಯವಿಟ್ಟು ಇಂಥ ಸುದ್ದಿ ಹಾಕುವಾಗ 60ರ ನಂತರದ ಅಂಕಿಯನ್ನೂ ಜೊತೆಗೇ ಹಾಕಿ.

– ಓದುಗ, ಶಿವಮೊಗ್ಗ