ಗೆಳೆಯನಿಗೊಂದು ಪತ್ರ: ಸುಬ್ಬಣ್ಣನ ಎಡಗಾಲು

ಲೋ ಮಂಡಿ ಮಾಸ್ಟರ್,

ಮೂರು ವಾರದಿಂದ ನಿನ್ನ ಮೆಸೇಜಿಗೆ ಉತ್ತರ ಕೊಟ್ಟಿಲ್ಲ. ಫೋನ್ ಮಾಡಿದರೆ ಬೈಯುತ್ತೀಯ ಅಂತ ಗೊತ್ತು. ಅದಕ್ಕೇ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಜನ ನೋಡುತ್ತಿದ್ದಾರೆ ಅಂದರೆ ನೀನು ಮರ್ಯಾದಸ್ಥನ ಥರ ಇರುತ್ತೀಯ. ಹಸಿರು ಬಕೆಟ್ಟಿನ ವಿಷಯ ಮಾತ್ರ ಎತ್ತಬೇಡ. ನಮ್ಮ ಅತ್ತಿಗೆ ಇದನ್ನೆಲ್ಲ ಓದುತ್ತಾರೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. "ಓಡೋದು ಕುದುರೆ. ಮೇಲೆ ಕೂತ್ಕೊಳ್ಳೋನಿಗೆ ಯಾಕೋ ಟ್ರೇನಿಂಗು?" ಇದನ್ನೇ ನಮ್ಮ ಮಾವನೂ ಕೇಳಿದ್ದಾರೆ, ಅಪಾರ್ಟ್‌ಮೆಂಟಿನ ವಾಚ್‌ಮನ್ನೂ ಕೇಳಿದ್ದಾನೆ. ನಾನು ಈವೆಂಟಿಂಗ್ ಮಾಡುತ್ತೇನೆ ಅಂದಾಗ ದೊಡ್ಡಮ್ಮ ಅದನ್ನು ಮದುವೆಮನೆ ಡೆಕೋರೇಷನ್ನು ಅಂದುಕೊಂಡು ನಾಮಕರಣಕ್ಕೆ ಡಿಸ್ಕೌಂಟ್ ಕೇಳಿದರು. ಆದ್ದರಿಂದ ನಿನ್ನ ಜೊತೆ ಅವರಿಗೂ ಸೇರಿಸಿ ಒಂದೇ ಸಲ ಹೇಳಿಬಿಡುತ್ತೇನೆ.

ಈವೆಂಟಿಂಗ್ ಅಂದರೆ ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಪರೀಕ್ಷೆ. ಮೊದಲು ಡ್ರೆಸಾಜ್, ಅಂದರೆ ಅಂಗಳದಲ್ಲಿ ಶಿಸ್ತಾಗಿ ಹೆಜ್ಜೆ ಹಾಕಿಸೋದು. ಕೊನೆಗೆ ಶೋ ಜಂಪಿಂಗ್. ಅಲ್ಲಿ ಕಾಲು ತಾಗಿದರೆ ಕೋಲು ಬೀಳುತ್ತದೆ. ನಡುವೆ ಇರೋದು ಕ್ರಾಸ್ ಕಂಟ್ರಿ. ಮರದ ದಿಮ್ಮಿ, ಹಳ್ಳ, ನೀರು, ದಿಬ್ಬ. ಅಲ್ಲಿ ತಾಗಿದರೆ ದಿಮ್ಮಿ ಬೀಳೋದಿಲ್ಲ, ನೀನು ಬೀಳುತ್ತೀಯ. ಈ ಆಟ ಹುಟ್ಟಿದ್ದು ಸೈನ್ಯದಲ್ಲಿ, ಅಶ್ವದಳದ ಕುದುರೆ ಎಷ್ಟು ಗಟ್ಟಿ ಅಂತ ನೋಡೋದಕ್ಕೆ. ಒಲಿಂಪಿಕ್ಸಿಗೆ ಬಂದಿದ್ದು 1912ರಲ್ಲಿ, ಸ್ಟಾಕ್‌ಹೋಮಿನಲ್ಲಿ.

ಹಳೇ ಕಾಲದ ಎಂಡ್ಯೂರೆನ್ಸ್ ದಿನ, ಅಂದರೆ ಕುದುರೆಯ ತಾಳಿಕೆ ನೋಡುವ ದಿನ, ಹೇಗಿತ್ತು ಅಂತ ಕೇಳಿದರೆ ನಿನಗೆ ತಲೆ ತಿರುಗುತ್ತದೆ. ಮೊದಲು ಎ ಹಂತ, ರಸ್ತೆಯಲ್ಲಿ ಟ್ರಾಟ್, ಅಂದರೆ ನಡಿಗೆಗಿಂತ ಜೋರು, ಓಟಕ್ಕಿಂತ ನಿಧಾನ. ಆಮೇಲೆ ಬಿ, ಸ್ಟೀಪಲ್‌ಚೇಸ್, ಬೇಲಿ ಹಾರುತ್ತಾ ಜೋರು ಓಟ. ಆಮೇಲೆ ಸಿ, ಮತ್ತೆ ಉದ್ದದ ರಸ್ತೆ. ಅಲ್ಲಿ ಹತ್ತು ನಿಮಿಷ ನಿಲ್ಲಿಸಿ ಡಾಕ್ಟರು ನಾಡಿ, ಉಸಿರು, ಕಾಲು ನೋಡುತ್ತಾರೆ. ಪಾಸಾದರೆ ಮಾತ್ರ ಡಿ, ಅಂದರೆ ನಿಜವಾದ ಕ್ರಾಸ್ ಕಂಟ್ರಿ. ಎಲ್ಲ ಸೇರಿ ಒಂದೇ ದಿನ 20 ಕಿಲೋಮೀಟರಿಗೂ ಜಾಸ್ತಿ. ಒಲಿಂಪಿಕ್ಸಿನಲ್ಲಿ ಇದು ಕೊನೆಯದಾಗಿ ನಡೆದದ್ದು 2000ದಲ್ಲಿ, ಸಿಡ್ನಿಯಲ್ಲಿ. ಅಲ್ಲಿ ನಮ್ಮ ದೇಶದ ಇಮ್ತಿಯಾಜ್ ಅನೀಸ್ ಸ್ಪರ್ಧಿಸಿದ್ದರು. 2004ರ ಅಥೆನ್ಸಿನಿಂದ ಎ, ಬಿ, ಸಿ ಮೂರನ್ನೂ ತೆಗೆದುಹಾಕಿದರು. ಈಗ ಉಳಿದಿರೋದು ಡಿ ಒಂದೇ.

ನನ್ನದು ಅದರ ಮರಿಮೊಮ್ಮಗ ಅನ್ನು. ಎರಡು ಕಿಲೋಮೀಟರ್, 80 ಸೆಂಟಿಮೀಟರ್ ಎತ್ತರದ ಬೇಲಿಗಳು, ನಿಮಿಷಕ್ಕೆ 400 ಮೀಟರ್. ಐದು ನಿಮಿಷದ ಕೆಲಸ. ಐದು ನಿಮಿಷಕ್ಕೆ ಐದು ತಿಂಗಳು ತಯಾರಿ. ನಗಬೇಡ. ಮೂರನೇ ಇಡ್ಲಿಗೆ ನೀನು ಎಷ್ಟು ತಯಾರಿ ಮಾಡಿದ್ದೆ ಅಂತ ನಾನು ಇಲ್ಲಿ ಹೇಳಿದ್ದೇನಾ?

ಕುದುರೆಯ ಹೆಸರು ಸುಬ್ಬಣ್ಣ. ರೇಸಿನಲ್ಲಿ ಓಡುವಾಗ ಅವನಿಗೆ ಮೂರು ಪದದ ಇಂಗ್ಲಿಷ್ ಹೆಸರಿತ್ತು. ರಿಟೈರಾದ ಮೇಲೆ ಸುಬ್ಬಣ್ಣ. ತಿಂಗಳ ಲೆಕ್ಕದಲ್ಲಿ ಅರ್ಧ ಬಾಡಿಗೆ ಕಟ್ಟುತ್ತೇನೆ, ಹಾಗಾಗಿ ಅರ್ಧ ಕುದುರೆ ನನ್ನದು. ಯಾವ ಅರ್ಧ ಅನ್ನೋದು ಲದ್ದಿ ಎತ್ತುವಾಗ ಗೊತ್ತಾಗುತ್ತದೆ. 1200 ಮೀಟರನ್ನು ಒಂದೂಕಾಲು ನಿಮಿಷದೊಳಗೆ ಮುಗಿಸಿ ಮನೆಗೆ ಹೋಗೋದನ್ನು ಚಿಕ್ಕಂದಿನಲ್ಲೇ ಕಲಿತವನು. ಅವನಿಗೆ "ನಿಧಾನ, ಇನ್ನೂ ನಾಲ್ಕು ನಿಮಿಷ ಇದೆ" ಅಂತ ಅರ್ಥ ಮಾಡಿಸೋದೇ ದೊಡ್ಡ ಕೆಲಸ.

ಮೊದಲ ಆರು ವಾರ ಬರೀ ನಡಿಗೆ. ಕನಕಪುರ ರಸ್ತೆಯಿಂದ ಒಳಗೆ ಹೋದರೆ ಮಣ್ಣಿನ ದಾರಿ, ರಾಗಿ ಹೊಲ, ನೀಲಗಿರಿ ತೋಪು. ಆಮೇಲೆ ಟ್ರಾಟ್. ಆಮೇಲೆ ಕ್ಯಾಂಟರ್, ಅಂದರೆ ಹದವಾದ ಓಟ. ಕೊನೆಗೆ ಇಂಟರ್ವಲ್. ಐದು ನಿಮಿಷ ಕ್ಯಾಂಟರ್, ಮೂರು ನಿಮಿಷ ನಡಿಗೆ, ಹೀಗೆ ಮೂರು ಸಲ, ನಾಲ್ಕು ದಿನಕ್ಕೊಮ್ಮೆ. ಮನುಷ್ಯ ಓಟಗಾರರ ಈ ಪದ್ಧತಿಯನ್ನು 1970ರ ದಶಕದಲ್ಲಿ ಅಮೆರಿಕದ ತಂಡದ ಕುದುರೆಗಳಿಗೆ ಹಚ್ಚಿದವರು ಅವರ ಫ್ರೆಂಚ್ ಕೋಚ್ ಜ್ಯಾಕ್ ಲ ಗೋಫ್. ನಾನು ಟೇಪ್ ಹಿಡಿದು ತೋಪಿನ ಸುತ್ತ ಅಳೆದು, 400 ಮೀಟರಿಗೊಂದು ಕಲ್ಲಿಗೆ ಸುಣ್ಣ ಬಳಿದೆ. ಊರಿನವರು ಸರ್ವೆಯವರು ಬಂದಿದ್ದಾರೆ, ಲೇಔಟ್ ಆಗುತ್ತದೆ ಅಂದುಕೊಂಡರು. ಒಬ್ಬರು ಸೈಟಿನ ರೇಟೂ ಕೇಳಿದರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ರಿಕಾಬನ್ನು, ಅಂದರೆ ಸವಾರ ಪಾದ ಇಡೋ ಬಳೆಯನ್ನು, ಎರಡು ತೂತು ಮೇಲೆ ಕಟ್ಟಿ, ಜೀನಿಗೆ ಕುಂಡಿ ತಾಗಿಸದೆ, ಮಂಡಿ ಮಡಿಸಿ ನಿಲ್ಲಬೇಕು. ನಿಮ್ಮಜ್ಜಿ ಮನೆಯ ಹಳೇ ಕಕ್ಕಸಿನಲ್ಲಿ ಅರ್ಧ ಕೂತಂತೆ. ಆದರೆ ಆ ಕಕ್ಕಸು ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಎರಡನೇ ನಿಮಿಷಕ್ಕೆ ತೊಡೆ ಉರಿಯುತ್ತದೆ. ಮೂರಕ್ಕೆ ನಡುಗುತ್ತದೆ. ನಾಲ್ಕಕ್ಕೆ ನೀನು ಕೂತುಬಿಡುತ್ತೀಯ. ಕೂರೋದು ಅಂದರೆ ಕೂರೋದಲ್ಲ, 78 ಕಿಲೋ ಮೂಟೆ ಪ್ರತಿ ಹೆಜ್ಜೆಗೂ ಅವನ ಬೆನ್ನಿನ ಮೇಲೆ ಬೀಳೋದು. ನನಗೆ ಸುಸ್ತಾದರೆ ದಂಡ ಕಟ್ಟೋನು ಅವನು. ಅದಕ್ಕೇ ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಅರ್ಧ ಕೂತ ಭಂಗಿಯಲ್ಲಿ ನಿಂತಿರುತ್ತೇನೆ. ಒಂದು ಸಲ ಆಫ್ ಆಗಿರಲಿಲ್ಲ. ಅದು ಬೇರೆ ಕಥೆ.

ಇದೆಲ್ಲ ಕಲಿಸಿಕೊಟ್ಟಿದ್ದು ಕೋಚ್‌ಗಿಂತ ಜಾಸ್ತಿ ಚಾಚಾ, ನಮ್ಮ ಲಾಯದ ಸಾಯಿಸ್, ಅಂದರೆ ಕುದುರೆ ನೋಡಿಕೊಳ್ಳೋರು. ಮೂವತ್ತು ವರ್ಷದಿಂದ ಕುದುರೆಗಳ ಜೊತೆ ಇದ್ದಾರೆ. ದವಡೆಯ ಕೆಳಗೆ ಬೆರಳಿಟ್ಟು 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸೋದು ಅವರೇ ತೋರಿಸಿದ್ದು. ಸುಮ್ನೆ ನಿಂತಾಗ ಸುಬ್ಬಣ್ಣನದು 36. ಕ್ಯಾಂಟರ್ ಮುಗಿಸಿ ಹತ್ತು ನಿಮಿಷ ನಡೆಸಿದ ಮೇಲೆ 64ಕ್ಕಿಂತ ಕೆಳಗೆ ಇಳಿದಿರಬೇಕು. ಒಂದೇ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳ. ಬಿಸಿ ಮೈಗೆ ತಣ್ಣೀರು ಹಾಕಿದರೆ ಮಾಂಸಖಂಡ ಹಿಡಿದುಕೊಳ್ಳುತ್ತದೆ ಅನ್ನೋದು ಅವರ ಕಾಲದ ನಂಬಿಕೆ. 1996ರ ಅಟ್ಲಾಂಟಾ ಒಲಿಂಪಿಕ್ಸಿನ ಸೆಕೆಗೆ ಅಂತ ನಡೆದ ಸಂಶೋಧನೆಯಲ್ಲಿ ತಣ್ಣೀರೇ ಒಳ್ಳೇದು ಅಂತ ಗೊತ್ತಾಯಿತು. ಚಾಚಾ ಈಗ ಪೈಪು ಹಿಡಿಯುತ್ತಾರೆ, ಆದರೆ ಮುಖ ಆ ಕಡೆ ತಿರುಗಿಸಿಕೊಂಡು.

ಈ ಮುಂದಿನದನ್ನು ಬರೆಯೋಣವೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಕುದುರೆಯ ಮುಂಗಾಲಲ್ಲಿ ಮಂಡಿಯಿಂದ ಕೆಳಗೆ ಮಾಂಸಖಂಡವೇ ಇಲ್ಲ ಕಣೋ. ಮೂಳೆ, ಚರ್ಮ, ನಡುವೆ ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟೋ ಹಗ್ಗ. ನಮ್ಮ ಕಡೆ ಸುಮ್ನೆ ನರ ಅಂದುಬಿಡುತ್ತಾರೆ. ಹೃದಯ, ಮಾಂಸಖಂಡ ಎರಡು ಮೂರು ತಿಂಗಳಲ್ಲಿ ಗಟ್ಟಿಯಾಗುತ್ತವೆ. ಟೆಂಡನ್ ಹಾಗಲ್ಲ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಮೂರನೇ ತಿಂಗಳಿಗೆ ಕುದುರೆ ಏದುಸಿರು ಬಿಡೋದಿಲ್ಲ, ನಾಡಿ ಬೇಗ ಇಳಿಯುತ್ತದೆ, ಇನ್ನೂ ಓಡುತ್ತೇನೆ ಅನ್ನುತ್ತದೆ. ಸರಿಯಾಗಿ ಆಗಲೇ ಕಾಲು ಕೈಕೊಡೋದು. ಅದೂ ಅಲ್ಲದೆ, ಕಾಡಿನಲ್ಲಿ ಬೇಟೆಯಾಗುತ್ತಿದ್ದ ಪ್ರಾಣಿ ಅದು. ನೋವನ್ನು ಮುಚ್ಚಿಡೋದು ಹುಟ್ಟುಗುಣ. ಇದನ್ನೆಲ್ಲ ಲಾಯಕ್ಕೆ ಬರುವ ಇಬ್ಬರು ಹೈಸ್ಕೂಲ್ ಹುಡುಗಿಯರಿಗೆ ನಾನೇ ಪಾಠ ಮಾಡಿದ್ದೆ. ಬೋರ್ಡ್ ಮೇಲೆ ಚಿತ್ರ ಬರೆದು.

ಅದಾಗಿ ಒಂದು ಶನಿವಾರ. ಚಾಚಾ ಚನ್ನಪಟ್ಟಣಕ್ಕೆ ಮದುವೆಗೆ ಹೋಗಿದ್ದರು. ಬೆಳಿಗ್ಗೆ ಐದೂವರೆಗೆ ಕಾಲು ನೋಡುವ ಕೆಲಸ ನನ್ನದು. ಮಂಡಿಯಿಂದ ಗೊರಸಿನವರೆಗೆ ಅಂಗೈ ಇಳಿಸುತ್ತಾ ಬರಬೇಕು, ನಾಲ್ಕೂ ಕಾಲಿಗೆ. ಎಲ್ಲಾದರೂ ಬಿಸಿ ತಾಗಿದರೆ ಒಳಗೆ ಪೆಟ್ಟಾಗಿರಬಹುದು ಅಂತ ಅರ್ಥ. ಎಡ ಮುಂಗಾಲಿನ ಹಿಂದೆ, ಒಂದು ಹೆಬ್ಬೆಟ್ಟಿನ ಅಗಲ, ಬೆಚ್ಚಗಿತ್ತು. ಕಾಫಿ ಕುಡಿದು ಕೆಳಗಿಟ್ಟ ಲೋಟ ಇರುತ್ತದಲ್ಲ, ಅಷ್ಟು. ಬಲಗಾಲು ಮುಟ್ಟಿದೆ. ತಣ್ಣಗಿತ್ತು. ಮತ್ತೆ ಎಡಗಾಲು ಮುಟ್ಟಿದೆ. ಈ ಸಲ ಸ್ವಲ್ಪ ಹಗುರವಾಗಿ ಮುಟ್ಟಿದೆ, ಅಷ್ಟೇ ಗೊತ್ತಾಗಲಿ ಅಂತ.

ಬಿಸಿಲಿಗೆ ಇರಬೇಕು ಅಂದುಕೊಂಡೆ. ಇನ್ನೂ ಸೂರ್ಯ ಹುಟ್ಟಿರಲಿಲ್ಲ.

ಸ್ಪರ್ಧೆಗೆ ಮೂರು ವಾರ ಇತ್ತು. ಫೀಸು ಕಟ್ಟಿಯಾಗಿತ್ತು. ಆಫೀಸಿನಲ್ಲಿ ರಜೆ ಹಾಕಿಯಾಗಿತ್ತು. ಇಲ್ಲಿ ಊರಿಗೆಲ್ಲ ಹೇಳಿಯಾಗಿತ್ತು. ಜೀನು ಕಟ್ಟಿದೆ. ಮೂರು ಸಲ ಐದು ನಿಮಿಷ, ಪೂರ್ತಿ. ಅವತ್ತಿನಷ್ಟು ಚೆನ್ನಾಗಿ ಅವನು ಯಾವತ್ತೂ ಓಡಿರಲಿಲ್ಲ. ಕ್ಯಾಂಟರಿನಲ್ಲಿ ಕುದುರೆ ಒಂದು ಹೆಜ್ಜೆಗೆ ಒಂದು ಉಸಿರು ಬಿಡುತ್ತದೆ. ಆ ಫುರ್, ಫುರ್ ಸದ್ದು ಗಡಿಯಾರದಷ್ಟು ಸರಿಯಾಗಿತ್ತು. ಇಳಿದು ಫೋಟೋ ಹಾಕಿದೆ. ನೀವೆಲ್ಲ ಲೈಕ್ ಒತ್ತಿದ್ದೀರಿ. ನೀನು ಬೆಂಕಿಯ ಗುರುತು ಹಾಕಿದ್ದೆ.

ಸಂಜೆಗೆ ಕಾಲು ಊದಿತು. ಡಾಕ್ಟರು ಬಂದು ಸ್ಕ್ಯಾನ್ ಮಾಡಿದರು. ಎಳೆ ಹರಿದಿಲ್ಲ, ಉರಿಯೂತ ಮಾತ್ರ, ಅದೃಷ್ಟ ಅಂದರು. ಎರಡು ತಿಂಗಳು ಕೈಯಲ್ಲಿ ಹಿಡಿದು ನಡೆಸೋದು, ಅಷ್ಟೇ. "ಬೆಳಿಗ್ಗೆ ಏನಾದ್ರೂ ಬಿಸಿ ಇತ್ತಾ?" ಅಂತ ಕೇಳಿದರು. ಇಲ್ಲ ಅಂದೆ. ಕೋಚ್ ಕೇಳಿದರು. ಇಲ್ಲ ಅಂದೆ. ನೆಲ ಗಟ್ಟಿಯಾಗಿತ್ತು ಅಂತ ಸೇರಿಸಿದೆ. ಮದುವೆಯಿಂದ ಬಂದ ಚಾಚಾ ಏನೂ ಕೇಳಲಿಲ್ಲ. ಮಾರನೇ ದಿನದಿಂದ ನನ್ನ ಕೈ ಹಿಡಿದು ಕಾಲಿನ ಮೇಲೆ ಇಡಿಸಿ, "ಹೇಳಿ ಸಾರ್, ಬಿಸಿನಾ, ತಣ್ಣಗಾ?" ಅನ್ನುತ್ತಾರೆ. ದಿನಾ. ಒಂದನೇ ಕ್ಲಾಸಿನವನಿಗೆ ಕೇಳಿದಂತೆ.

2021ರ ಆಗಸ್ಟ್ 1 ನೆನಪಿದೆಯಾ? ನಿಮ್ಮನೆಯಲ್ಲಿ ಕೂತು ಟೋಕಿಯೋ ಒಲಿಂಪಿಕ್ಸ್ ನೋಡಿದ್ದೆವು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ, ಸೆನ್ಯೂರ್ ಮೆಡಿಕಾಟ್ ಅನ್ನೋ ಕುದುರೆಯ ಮೇಲೆ. ಡ್ರೆಸಾಜ್ ಮುಗಿದಾಗ 9ನೇ ಸ್ಥಾನದಲ್ಲಿದ್ದರು. ಕ್ರಾಸ್ ಕಂಟ್ರಿಯಲ್ಲಿ ಟೈಮ್ ಪೆನಾಲ್ಟಿ ಬಿದ್ದು 22ಕ್ಕೆ ಇಳಿದರು, ಕೊನೆಗೆ 23. ಸೋಫಾ ಮೇಲೆ ಕೂತು "ಇನ್ನೂ ಸ್ವಲ್ಪ ಜೋರಾಗಿ ಬಿಡಬಾರದಿತ್ತಾ" ಅಂತ ಕೂಗಿದ್ದು ನಾನೇ, ಬಾಯಲ್ಲಿ ಚಕ್ಕುಲಿ ಇಟ್ಟುಕೊಂಡು. ಅದೇ ದಿನ, ಅದೇ ಕೋರ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ಜೆಟ್ ಸೆಟ್ ಅನ್ನೋ ಕುದುರೆ ಕುಂಟಿ ನಿಂತಿತು. ಕಾಲಿನ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟೋ ಪಟ್ಟಿ, ಹರಿದಿತ್ತು. ಅದನ್ನು ಉಳಿಸೋದಕ್ಕೆ ಆಗಲಿಲ್ಲ. ಅವತ್ತು ಆ ಸುದ್ದಿ ಓದಿ, ಅಯ್ಯೋ ಅಂದು, ಇನ್ನೊಂದು ಚಕ್ಕುಲಿ ತೆಗೆದುಕೊಂಡಿದ್ದೆ.

ಇನ್ನೊಂದು ಇದೆ. ಬರೆಯಬೇಕು ಅಂದುಕೊಂಡಿರಲಿಲ್ಲ, ಕೈ ಬರೆಯುತ್ತಿದೆ. ಕುಮಾರಪರ್ವತ. ಕಲ್ಲು ಮಂಟಪದ ಹತ್ತಿರ ನೀನು "ಮಂಡಿ ಯಾಕೋ ಹಿಡಿದಂಗಾಗ್ತಿದೆ ಕಣೋ" ಅಂದೆ. ಎಲ್ಲಾ ಮನಸ್ಸಲ್ಲಿ ಇರೋದು, ಬಾ ಅಂದೆ ನಾನು. ಶೇಷಪರ್ವತದ ಏರಿನಲ್ಲಿ ಹಿಂದೆ ತಿರುಗಿ ನೋಡಿದಾಗ ನೀನು ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದೆ, ಏಡಿಯ ಥರ. ನಾನು ನೋಡಿದೆ. ನೋಡಿ ಮುಂದಕ್ಕೆ ತಿರುಗಿಕೊಂಡೆ. ಆಮೇಲೆ ನಿನಗೆ ಆ ಹೆಸರಿಟ್ಟು, 12 ವರ್ಷದಿಂದ ಎಲ್ಲರ ಮದುವೆಯಲ್ಲೂ ಅದೇ ಕಥೆ ಹೇಳಿ ನಗಿಸಿದ್ದೇನೆ. ನೀನೂ ನಗುತ್ತೀಯ. ಆಪರೇಷನ್ ಆದ ದಿನವೂ ನಕ್ಕಿದ್ದೆ. ಅವತ್ತೂ ನಾನು ಕೇಳಲಿಲ್ಲ.

ಸರಿ, ಸಾಕು. ಕೋಚ್ ಇದನ್ನು ಓದಿದರೆ ನನ್ನನ್ನು ಲಾಯದಿಂದ ಓಡಿಸುತ್ತಾರೆ. ಆಗ ನಿಮಿಷಕ್ಕೆ 400 ಮೀಟರ್ ಆರಾಮಾಗಿ ಆಗುತ್ತದೆ.

ಸುಬ್ಬಣ್ಣ ಚೆನ್ನಾಗಿದ್ದಾನೆ. ಕೆಲಸ ಇಲ್ಲದೆ ಬೋರಾಗಿ ನನ್ನ ವಾಚಿನ ಪಟ್ಟಿ ತಿಂದ. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಇಬ್ಬರೂ ಪಕ್ಕಪಕ್ಕದಲ್ಲಿ ನಡೆಯುತ್ತೇವೆ, ಲಾಲ್‌ಬಾಗಿನಲ್ಲಿ ಇಬ್ಬರು ಪೆನ್ಶನ್‌ದಾರರ ಥರ. ಅವನು ಆಗಾಗ ನಿಂತು ಹುಲ್ಲು ನೋಡುತ್ತಾನೆ, ನಾನು ಫೋನ್ ನೋಡುತ್ತೇನೆ. ಹುರುಳಿ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಅವನಿಗೆ, ನನಗಲ್ಲ. ಆದರೆ ಅವರು ಹೇಳುವಾಗ ನೋಡಿದ್ದು ನನ್ನ ಹೊಟ್ಟೆಯನ್ನೇ.

ಮುಂದಿನ ಭಾನುವಾರ ಬಾ. ಬರುವಾಗ ಬೆಲ್ಲ ತಾ, ಅಚ್ಚು ಬೆಲ್ಲ, ಅವನಿಗೆ ಪುಡಿ ಆಗೋದಿಲ್ಲ. ಮೂರನೇ ಇಡ್ಲಿಯ ಲೆಕ್ಕವೂ ಅವತ್ತೇ ಚುಕ್ತಾ ಮಾಡೋಣ. ಗೇಟಿನಿಂದ ಲಾಯದವರೆಗೆ ಸಪಾಟು ಜಾಗ. ಎಲ್ಲೂ ಒಂದು ಮೆಟ್ಟಿಲೂ ಇಲ್ಲ. ನಾನು ನಿನ್ನೆ ನಡೆದು ನೋಡಿದೆ.

ಇಂತಿ,
ನಿನ್ನ ಬಕೆಟ್ಟು