ಸಿಎಂಎಲ್ (ಒಂದು ಬಗೆಯ ರಕ್ತ ಕ್ಯಾನ್ಸರ್) ಗುಂಪಿಗೆ ಸೂಚನೆ: ಮಾತ್ರೆ ಬದಲಿಸುವ ಮುನ್ನ ಮ್ಯುಟೇಶನ್ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ರಕ್ತದಲ್ಲಿ ಬಿಸಿಆರ್-ಎಬಿಎಲ್ (ಈ ಕಾಯಿಲೆ ತರುವ ಜೀನ್) ಮಟ್ಟ ಮತ್ತೆ ಏರಿದೆ, ಮಾತ್ರೆ ಬದಲಿಸಬೇಕಂತೆ ಎಂದು ಈ ವಾರ ಇಬ್ಬರು ಬರೆದಿದ್ದೀರಿ. ದಯವಿಟ್ಟು ಇದನ್ನು ಪೂರ್ತಿ ಓದಿ.

9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಹುಟ್ಟುವ ಈ ಜೀನ್‌ನ ಪ್ರೋಟೀನನ್ನು ಕಟ್ಟಿಹಾಕುವುದೇ ಇಮ್ಯಾಟಿನಿಬ್ ಮಾತ್ರೆಯ ಕೆಲಸ. 2001ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕ ಮೇಲೆ ನಮ್ಮಂಥ ಮನೆಗಳ ಬದುಕೇ ಬದಲಾಯಿತು. ಆದರೆ ಆ ಪ್ರೋಟೀನಿನ ಒಂದೇ ಒಂದು ಕೊಂಡಿ (ಅಮೈನೋ ಆಮ್ಲ) ಬದಲಾದರೂ ಔಷಧಿ ಕೂರುವ ಜಾಗ ಕೆಟ್ಟುಹೋಗಬಹುದು. ಇಂಥ ಬದಲಾವಣೆಯನ್ನೇ ಮ್ಯುಟೇಶನ್ ಅನ್ನುವುದು.

ನನ್ನ ಅಮ್ಮನ ಮ್ಯುಟೇಶನ್ ಟೆಸ್ಟ್ ರಿಪೋರ್ಟಿನ ಎರಡನೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಟಿ315ಐ ಎಂದಿತ್ತು. 315ನೇ ಜಾಗದಲ್ಲಿ ಥ್ರಿಯೋನಿನ್ ಹೋಗಿ ಐಸೊಲ್ಯೂಸಿನ್ ಬಂದಿದೆ ಎಂದರ್ಥ. ಇದಿದ್ದರೆ ಇಮ್ಯಾಟಿನಿಬ್ ಅಷ್ಟೇ ಅಲ್ಲ, ಡಾಸಾಟಿನಿಬ್, ನಿಲೋಟಿನಿಬ್ ಮಾತ್ರೆಗಳೂ ನಾಟುವುದಿಲ್ಲ. ಡಾಕ್ಟರು ಪೊನಾಟಿನಿಬ್ ಅಥವಾ ಆಸಿಮಿನಿಬ್ ಕಡೆ ನೋಡುತ್ತಾರೆ. ವೈ253ಎಚ್ ಎಂಬ ಮ್ಯುಟೇಶನ್ ಇದ್ದರೆ ನಿಲೋಟಿನಿಬ್‌ಗಿಂತ ಡಾಸಾಟಿನಿಬ್ ಮೇಲು, ಎಫ್317ಎಲ್ ಇದ್ದರೆ ಲೆಕ್ಕ ಉಲ್ಟಾ.

ಹಾಗಾಗಿ ಮ್ಯುಟೇಶನ್ ಟೆಸ್ಟ್ ಆಗಿದೆಯೇ ಎಂದು ಕೇಳಲು ಸಂಕೋಚಪಡಬೇಡಿ. ತಪ್ಪಿದ ಡೋಸ್‌ಗಳನ್ನೂ ಮುಚ್ಚಿಡದೆ ಹೇಳಿ, ಎಷ್ಟೋ ಸಲ ಏರಿಕೆಗೆ ಕಾರಣ ಅದೇ ಇರುತ್ತದೆ. ಇನ್ನೊಬ್ಬರಿಗೆ ಬರೆದ ಮಾತ್ರೆ ನೀವಾಗಿಯೇ ಶುರು ಮಾಡಲೇಬೇಡಿ.

ರಿಪೋರ್ಟ್ ಅರ್ಥವಾಗದವರು ಹೆಸರು ಮುಚ್ಚಿ ಫೋಟೊ ಹಾಕಿ. ಭಾನುವಾರ ಸಂಜೆ ಕೂತು ಓದೋಣ.